ಮಹಡಿ ಮೇಲಿನ ರೂಮಲ್ಲಿ ಕೂತು ಅಮೆರಿಕದ ಸಮ್ಮೇಳನ

2020ರ ವಿಜಯದಶಮಿ ಅಕ್ಟೋಬರ್ 26ಕ್ಕೆ ಬಂದಿತ್ತು. ಅದರ ಹಿಂದಿನ ದಿನ ಆಯುಧಪೂಜೆಗೆ ನಮ್ಮನೇಲಿ ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷಿನ್ನು, ಇವುಗಳ ಸಾಲಲ್ಲೇ ನನ್ನ ಲ್ಯಾಪ್‌ಟಾಪನ್ನೂ ಇಟ್ಟು ಪೂಜೆ ಮಾಡಿದ್ವಿ. 27ನೇ ತಾರೀಕು ರಾತ್ರಿ ಅದೇ ಲ್ಯಾಪ್‌ಟಾಪ್ ತೆಗೆದು ಕೂತಾಗ ಮುಚ್ಚಳದ ಮೇಲೆ ಅರಿಶಿನ ಕುಂಕುಮ ಹಂಗೇ ಇತ್ತು, ಕೀಬೋರ್ಡ್ ಸಂದೀಲಿ ಒಂದು ಸೇವಂತಿಗೆ ಎಸಳು ಸಿಕ್ಕೊಂಡಿತ್ತು. ಸ್ಕ್ರೀನಲ್ಲಿ ಅಮೆರಿಕದ ಎಜುಕಾಸ್ ಸಮ್ಮೇಳನ ಶುರುವಾಗ್ತಿತ್ತು. ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡೋಳು ನಾನು, ಜೊತೆಗೆ ಲ್ಯಾಬು, ವೈಫೈ, ಕಾಲೇಜಿನ ವೆಬ್‌ಸೈಟು, ಪ್ರಿಂಟರ್ ಕೆಟ್ರೆ ಪ್ರಿಂಟರು, ಎಲ್ಲಾ ನೋಡ್ಕೊಳ್ತೀನಿ. ಬೇರೆ ಬೇರೆ ಕಾಲೇಜಿಂದ ಬಂದು ಇಲ್ಲಿ ಕೂತಿರೋ ನಿಮ್ಮಲ್ಲೂ ಅರ್ಧ ಜನ ಇದೇ ಕೆಲಸ ಮಾಡ್ತಿದ್ದೀರ ಅಂತ ನನಗೆ ಗೊತ್ತು. ಅದಕ್ಕೇ ಇವತ್ತು ಈ ಅನುಭವ ಹೇಳೋಣ ಅನ್ನಿಸ್ತು.

ಎಜುಕಾಸ್ ಅಂದ್ರೆ ಏನು ಅಂತ ಇಲ್ಲಿ ಎಷ್ಟೋ ಜನಕ್ಕೆ ಹೊಸದಿರಬಹುದು. ನೀವು ಅಮೆರಿಕದ ಯಾವುದಾದ್ರೂ ಯೂನಿವರ್ಸಿಟಿ ವೆಬ್‌ಸೈಟ್ ತೆಗೀರಿ, ಅಡ್ರೆಸ್ಸಿನ ಕೊನೇಲಿ ಡಾಟ್ ಇಡಿಯು ಅಂತಿರುತ್ತೆ. ಆ ಹೆಸರನ್ನ ಯಾರಿಗೆ ಕೊಡ್ಬೇಕು ಯಾರಿಗೆ ಕೊಡಬಾರ್ದು ಅಂತ ನೋಡಿಕೊಳ್ಳೋ ಜವಾಬ್ದಾರಿ 2001ರಿಂದ ಈ ಸಂಸ್ಥೆ ಕೈಲಿದೆ, ನಮ್ಮಲ್ಲಿ ಡಾಟ್ ಎಸಿ ಡಾಟ್ ಇನ್ ಬೇಕಂದ್ರೆ ಅರ್ನೆಟ್ ಹತ್ರ ಅರ್ಜಿ ಹಾಕ್ತೀವಲ್ಲ, ಹಂಗೆ. 1998ರಲ್ಲಿ ಕಾಸ್ ಮತ್ತು ಎಜುಕಾಮ್ ಅಂತ ಎರಡು ಹಳೇ ಸಂಸ್ಥೆಗಳು ಸೇರಿ ಇದಾಯ್ತು. ಕಾಲೇಜು ಯೂನಿವರ್ಸಿಟಿಗಳಲ್ಲಿ ನೆಟ್‌ವರ್ಕು, ಡೇಟಾ, ಲೈಬ್ರರಿ ಸಿಸ್ಟಮ್ಮು, ಆನ್‌ಲೈನ್ ಪಾಠ ಇವನ್ನೆಲ್ಲ ನಡೆಸೋ ಜನರ ಸಂಘ ಅಂತಿಟ್ಕೊಳ್ಳಿ. ಪ್ರತಿ ವರ್ಷ ಒಂದೊಂದು ಊರಲ್ಲಿ ಸಾವಿರಾರು ಜನ ಸೇರ್ತಾರೆ. 2020ರದ್ದು ಬಾಸ್ಟನ್ನಲ್ಲಿ ಆಗ್ಬೇಕಿತ್ತು, ಕೊರೊನಾ ಬಂತು, ಇಡೀ ಸಮ್ಮೇಳನ ಅಕ್ಟೋಬರ್ 27ರಿಂದ 29ರವರೆಗೆ ಆನ್‌ಲೈನಲ್ಲೇ ನಡೀತು. ಬಾಸ್ಟನ್ನಲ್ಲೇ ನಡೆದಿದ್ರೆ ನಾನಂತೂ ಅದರ ಹತ್ರ ಹೋಗೋ ಮಾತೇ ಇರಲಿಲ್ಲ. ವಿಮಾನದ ಟಿಕೆಟ್ಟಿರಲಿ, ವೀಸಾ ಅರ್ಜಿಗೇ ಆಗ 160 ಡಾಲರ್ ಕಟ್ಬೇಕಿತ್ತು, ವೀಸಾ ಸಿಗದಿದ್ರೂ ಆ ದುಡ್ಡು ವಾಪಸ್ ಬರಲ್ಲ, ಇಂಟರ್‌ವ್ಯೂಗೆ ಚೆನ್ನೈಗೋ ಹೈದರಾಬಾದಿಗೋ ಹೋಗ್ಬೇಕಿತ್ತು, ಯಾಕಂದ್ರೆ ಬೆಂಗಳೂರಲ್ಲಿ ಅಮೆರಿಕದ ಕಾನ್ಸುಲೇಟ್ ಅಂತ ಉದ್ಘಾಟನೆ ಆಗಿದ್ದೇ 2025ರ ಜನವರೀಲಿ, ಅದೂ ಶುರುವಾದಾಗ ವೀಸಾ ಕೆಲಸ ಇರಲಿಲ್ಲ. ಇಷ್ಟೆಲ್ಲಾ ದಾಟಿ ತಾಲ್ಲೂಕು ಕಾಲೇಜಿನ ಒಬ್ಬ ಟೀಚರ್ ಆ ಹಾಲಿನೊಳಗೆ ಕಾಲಿಡೋದು ಆಗೋ ಹೋಗೋ ಮಾತಲ್ಲ.

ಆ ವರ್ಷದ ಬೇಸಿಗೆ ನಿಮಗೆಲ್ಲ ನೆನಪಿದೆ ಅಲ್ವಾ. ದಿನಕ್ಕೆ ಮೂರು ವೆಬಿನಾರು. ಸೇರ್ಕೋ, ಕ್ಯಾಮೆರಾ ಆಫ್ ಮಾಡು, ಕೊನೇಲಿ ಚಾಟಲ್ಲಿ ಬರೋ ಗೂಗಲ್ ಫಾರ್ಮ್ ಲಿಂಕಿಗೆ ಕಾಯ್ತಾ ಇರು, ಫೀಡ್‌ಬ್ಯಾಕ್ ತುಂಬು, ಸಂಜೆಗೆ ಈ-ಸರ್ಟಿಫಿಕೇಟ್ ಮೇಲ್‌ಗೆ ಬರುತ್ತೆ. ನನ್ನ ಹತ್ರಾನೇ ನಲವತ್ತಕ್ಕಿಂತ ಜಾಸ್ತಿ ಇವೆ. ಪ್ರಮೋಷನ್ ಫೈಲಿಗೆ ಬೇಕಾಗುತ್ತೆ, ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್‌ನೋರು ಬಂದಾಗ ತೋರಿಸ್ಬೇಕು, ಅದನ್ನ ನಾನು ತಪ್ಪು ಅನ್ನಲ್ಲ. ಆದ್ರೆ ಆ ನಲವತ್ತರಲ್ಲಿ ಯಾರು ಏನು ಮಾತಾಡಿದ್ರು ಅಂತ ಕೇಳಿದ್ರೆ ನನಗೆ ಎರಡೋ ಮೂರೋ ನೆನಪಿದೆ ಅಷ್ಟೆ. ನಾನು ಎಜುಕಾಸಿಗೆ ಕೂತಿದ್ದೂ ಮೊದಲನೇ ರಾತ್ರಿ ಇದೇ ಅಭ್ಯಾಸದಲ್ಲಿ. ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್, ಕಿವೀಲಿ ಇಯರ್‌ಫೋನು, ಕೈಲಿ ಪಾತ್ರೆ, ಮಧ್ಯೆ ಮಗ ಹೋಂವರ್ಕ್ ತಂದು ತೋರಿಸ್ತಾನೆ, ಅತ್ತೆಗೆ ಮಾತ್ರೆ ಕೊಡ್ಬೇಕು. ಸೆಷನ್ ಮುಗೀತು. ಒಂದು ಸಾಲೂ ತಲೇಲಿ ನಿಂತಿರಲಿಲ್ಲ. ಫೀಸು ನನ್ನ ಸಂಬಳದಿಂದ ಕಟ್ಟಿದ್ದೆ, ಹಂಗಾಗಿ ಅವತ್ತು ರಾತ್ರಿ ತುಂಬಾ ಸಂಕಟ ಆಯ್ತು.

ಮಾರನೇ ದಿನ ಬೆಳಿಗ್ಗೆ ಮನೇಲಿ ಹೇಳ್ದೆ. ಈ ಎರಡು ರಾತ್ರಿ ನಾನು ಊರಲ್ಲಿಲ್ಲ ಅಂದ್ಕೊಳ್ಳಿ, ಬಾಸ್ಟನ್ನಿಗೆ ಹೋಗಿದ್ದೀನಿ, ಮಹಡಿ ಮೇಲಿನ ರೂಮಲ್ಲಿ ಇರ್ತೀನಿ, ಮನೆಗೆ ಬೆಂಕಿ ಬಿದ್ರೆ ಮಾತ್ರ ಕರೀರಿ ಅಂತ. ನಮ್ಮತ್ತೆ ಒಂದೇ ಮಾತು ಕೇಳಿದ್ರು, "ರಾತ್ರಿಯೆಲ್ಲಾ ಕೂತು ಕೇಳೋವಂಥದ್ದು ಅವರೇನು ಹೇಳ್ತಾರೆ? ಬೆಳಿಗ್ಗೆ ನನಗೂ ಹೇಳು." ಹೂಂ ಅಂದೆ. ಆ ಹೂಂ ಅಂದಿದ್ದು ನನ್ನನ್ನ ಕಟ್ಟಿಹಾಕ್ತು ನೋಡಿ. ಬೆಳಿಗ್ಗೆ ಕಾಫಿ ಹೊತ್ತಿಗೆ ಎಪ್ಪತ್ತೆರಡು ವರ್ಷದ ಹೆಂಗಸಿಗೆ, ಇಂಗ್ಲಿಷ್ ಬರಲ್ಲ, ಕಂಪ್ಯೂಟರ್ ಮುಟ್ಟಿಲ್ಲ, ಅವರಿಗೆ ರಾತ್ರಿ ಕೇಳಿದ್ದನ್ನ ಕನ್ನಡದಲ್ಲಿ ಹೇಳ್ಬೇಕು ಅಂದ್ರೆ ಕೇಳೋ ರೀತಿನೇ ಬದಲಾಗುತ್ತೆ. ದೊಡ್ಡ ದೊಡ್ಡ ಪದ ಬಂದ ತಕ್ಷಣ ಇದನ್ನ ಅತ್ತೆಗೆ ಏನಂತ ಹೇಳ್ಲಿ ಅಂತ ಮನಸ್ಸು ಹುಡುಕೋಕೆ ಶುರುಮಾಡುತ್ತೆ. ಹೇಳೋಕಾಗ್ಲಿಲ್ಲ ಅಂದ್ರೆ ನನಗೇ ಅರ್ಥ ಆಗಿಲ್ಲ ಅಂತ. ಈಗ್ಲೂ ನಾನು ಯಾವ ಸಮ್ಮೇಳನಕ್ಕೆ ಕೂತ್ರೂ ಒಂದು ಪುಸ್ತಕ ಇಟ್ಕೊಂಡು ಪ್ರತಿ ಸೆಷನ್ನಿಗೆ ಕನ್ನಡದಲ್ಲಿ ಐದು ಸಾಲು ಬರೀತೀನಿ, ಐದಕ್ಕಿಂತ ಜಾಸ್ತಿ ಬರೆಯಲ್ಲ.

ಟೈಮಿನ ವಿಷಯ ಒಂದು ಹೇಳಿಬಿಡ್ತೀನಿ, ಯಾಕಂದ್ರೆ ಇದರಲ್ಲಿ ಎಡವೋರು ಜಾಸ್ತಿ. ಅಕ್ಟೋಬರಲ್ಲಿ ಅಮೆರಿಕದ ಪೂರ್ವ ಕರಾವಳೀಲಿ ಬೆಳಿಗ್ಗೆ 11 ಅಂದ್ರೆ ನಮಗೆ ರಾತ್ರಿ 8:30. ಡೆನ್ವರ್ ಕಡೆ ಬೆಳಿಗ್ಗೆ 10 ಅಂದ್ರೆ ನಮಗೆ ರಾತ್ರಿ 9:30. ಆದ್ರೆ ನವೆಂಬರ್ ಮೊದಲನೇ ಭಾನುವಾರ ಅವರು ಗಡಿಯಾರನ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಆಮೇಲೆ ನಮ್ಮ ಲೆಕ್ಕ ಎಲ್ಲಾ ಒಂದು ಗಂಟೆ ಮುಂದಕ್ಕೆ ಹೋಗುತ್ತೆ. 2020ರಲ್ಲಿ ಅದು ನವೆಂಬರ್ 1. ಆ ವಾರ ಒಂದು ಚಿಕ್ಕ ಗುಂಪಿನ ಚರ್ಚೆ ಇತ್ತು, ನಾನು ಹಳೇ ಲೆಕ್ಕದಲ್ಲಿ ಹೋಗಿ ಒಂದು ಗಂಟೆ ಖಾಲಿ ಸ್ಕ್ರೀನ್ ನೋಡ್ಕೊಂಡು ಕೂತಿದ್ದೆ. ಅದಕ್ಕೆ ಮೇಲಲ್ಲಿ ಬರೋ ಕ್ಯಾಲೆಂಡರ್ ಲಿಂಕ್ ಒತ್ತಿ ಫೋನಿಗೆ ಸೇರಿಸಿಬಿಡಿ, ಫೋನೇ ಸರಿ ಮಾಡ್ಕೊಳ್ಳುತ್ತೆ, ಬೆರಳಲ್ಲಿ ಎಣಿಸೋಕೆ ಹೋಗ್ಬೇಡಿ.

ಎರಡನೇ ರಾತ್ರಿ ಬಾಗಿಲು ಹಾಕಿ ಕೂತೆ. ಅವತ್ತು ನನಗೆ ಅತಿ ದೊಡ್ಡ ಉಪಕಾರ ಮಾಡಿದ್ದು ಸ್ಕ್ರೀನ್ ಕೆಳಗೆ ಓಡ್ತಿದ್ದ ಕ್ಯಾಪ್ಷನ್ನು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ, ಪಾಠಾನೂ ಮಾಡ್ತೀನಿ. ಆದ್ರೆ ಅಮೆರಿಕದ ಒಬ್ಬರು ವೇಗವಾಗಿ ಮಾತಾಡ್ತಾ ಮಧ್ಯೆ ಮಧ್ಯೆ ನಗ್ತಾ ಅವರ ಊರಿನ ಮಾತು ಸೇರಿಸಿದ್ರೆ ನನ್ನ ಕಿವಿ ಹಿಂದೆ ಉಳಿಯುತ್ತೆ. ಅಲ್ಲಿ ಮಾತು ಬಂದ ಎರಡು ಮೂರು ಸೆಕೆಂಡಿಗೆ ಅದು ಅಕ್ಷರ ಆಗಿ ಕೆಳಗೆ ಬರ್ತಿತ್ತು. ಕಿವಿ ಬಿಟ್ಟಿದ್ದನ್ನ ಕಣ್ಣು ಹಿಡೀತಿತ್ತು. ಮಷಿನ್ ಹಾಕೋ ಕ್ಯಾಪ್ಷನ್ನಲ್ಲಿ ತಪ್ಪಿರುತ್ತೆ, ಆನ್‌ಲೈನ್ ಪಾಠದ ಸಾಫ್ಟ್‌ವೇರ್ ಮೂಡಲ್ ಅಂದಿದ್ದನ್ನ ನೂಡಲ್ ಅಂತ ಹಾಕಿತ್ತು ಒಂದು ಕಡೆ, ಆದ್ರೂ ಸಾಕು, ದಾರಿ ತಪ್ಪಲ್ಲ. ಕ್ಯಾಪ್ಷನ್ ಇರೋದು ಕಿವಿ ಕೇಳಿಸದೋರಿಗೆ ಅಂತ ನಾನು ಅಲ್ಲಿವರೆಗೆ ಅಂದ್ಕೊಂಡಿದ್ದೆ, ಅವರಿಗೆ ಅದು ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆ ರಾತ್ರಿ ಗೊತ್ತಾಯ್ತು ಅದು ನನ್ನಂಥೋಳಿಗೂ ಬಾಗಿಲು ತೆಗೆಯುತ್ತೆ ಅಂತ. ಅಲ್ಲಿಂದ ನಾನು ನಮ್ಮ ಮಕ್ಕಳಿಗೆ ರೆಕಾರ್ಡ್ ಮಾಡಿದ ಪಾಠ ಕೊಡುವಾಗ ಕ್ಯಾಪ್ಷನ್ ಹಾಕದೆ ಕೊಟ್ಟಿಲ್ಲ. ಮೊದಲನೇ ವರ್ಷ ಡಿಗ್ರಿಗೆ ಕನ್ನಡ ಮೀಡಿಯಂನಿಂದ ಬಂದ ಹುಡುಗಿಯೊಬ್ಬಳು ಹೇಳಿದ್ಲು, ಮೇಡಂ ನೀವು ಹೇಳೋ ಪದದ ಸ್ಪೆಲ್ಲಿಂಗ್ ಕಾಣುತ್ತಲ್ಲ, ಆಮೇಲೆ ಅದನ್ನ ಹುಡುಕ್ಕೋಬಹುದು ಅಂತ. ಹೌದಲ್ವಾ, ಕಿವಿಗೆ ಬಿದ್ದ ಪದನ ಹೆಂಗೆ ಹುಡುಕ್ತಾಳೆ ಪಾಪ, ಸ್ಪೆಲ್ಲಿಂಗೇ ಗೊತ್ತಿಲ್ದೆ.

ಇನ್ನು ಚಾಟ್. ನೇರವಾಗಿ ನಡೆಯೋ ಸಮ್ಮೇಳನದಲ್ಲಿ ಪ್ರಶ್ನೆ ಕೇಳ್ಬೇಕು ಅಂದ್ರೆ ಮೈಕ್ ಹತ್ರ ಹೋಗಿ ನಿಲ್ಬೇಕು, ಸಾವಿರ ಜನ ನೋಡ್ತಿರ್ತಾರೆ, ನಮ್ಮಲ್ಲಿ ಎಷ್ಟು ಜನ ಏಳ್ತೀವಿ ಹೇಳಿ? ಚಾಟಲ್ಲಿ ಆ ಭಯ ಇಲ್ಲ. ಅವತ್ತು ಒಂದು ಸೆಷನ್ನಲ್ಲಿ ಮನೇಲಿ ಇಂಟರ್ನೆಟ್ ಇಲ್ಲದ ವಿದ್ಯಾರ್ಥಿಗಳ ಬಗ್ಗೆ ಮಾತು ನಡೀತಿತ್ತು. ನಿಮಗೆ ಗೊತ್ತಿರಬಹುದು, 2020ರಲ್ಲಿ ಅಮೆರಿಕದ ಎಷ್ಟೋ ಕಾಲೇಜುಗಳು ತಮ್ಮ ವೈಫೈನ ಪಾರ್ಕಿಂಗ್ ಜಾಗದವರೆಗೂ ಎಳೆದವು, ಕಟ್ಟಡಗಳೆಲ್ಲ ಬೀಗ ಹಾಕಿವೆ, ಮಕ್ಕಳು ಕಾರ್ ತಂದು ನಿಲ್ಲಿಸಿ ಸ್ಟಿಯರಿಂಗ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕ್ಲಾಸ್ ಕೇಳ್ತಿದ್ರು. ನಾನು ಅಮೆರಿಕ ಅಂದ್ರೆ ಪ್ರತಿ ಮನೇಲೂ ನೆಟ್ ಸುರೀತಿರುತ್ತೆ ಅಂದ್ಕೊಂಡಿದ್ದೋಳು. ನಮ್ಮ ಸಕಲೇಶಪುರದ ಕಡೆ ಹುಡುಗ್ರು ಸಿಗ್ನಲ್ಲಿಗೆ ಗುಡ್ಡ ಹತ್ತಿ ಕೂರ್ತಿದ್ದದ್ದು ಕಣ್ಣಿಗೆ ಬಂತು. ಮುಂದಿನ ವರ್ಷ, 2021ರ ಜೂನಲ್ಲಿ, ಸುಳ್ಯ ತಾಲ್ಲೂಕಲ್ಲಿ ಮಳೇಲಿ ರಸ್ತೆ ಬದಿ ಕೂತು ಫೋನಲ್ಲಿ ಕ್ಲಾಸ್ ಕೇಳ್ತಿರೋ ಮಗಳಿಗೆ ಅಪ್ಪ ಛತ್ರಿ ಹಿಡಿದು ನಿಂತಿರೋ ಫೋಟೋ ಪೇಪರಲ್ಲೆಲ್ಲ ಬಂತಲ್ಲ, ಅದನ್ನ ನೋಡಿದಾಗ್ಲೂ ನನಗೆ ಆ ಪಾರ್ಕಿಂಗ್ ಜಾಗವೇ ನೆನಪಾಗಿದ್ದು.

ಆ ಚಾಟಲ್ಲಿ ನಾನು ಒಂದು ಪ್ರಶ್ನೆ ಟೈಪ್ ಮಾಡ್ದೆ. ಇಂಗ್ಲಿಷಲ್ಲಿ ಮೂರು ಸಲ ಅಳಿಸಿ ಬರೆದೆ. ನಮ್ಮ ಮಕ್ಕಳಿಗೆ ಮನೇಲಿ ಒಂದೇ ಫೋನು, ಅದೂ ಅಪ್ಪನ ಹತ್ರ, ಅವರು ಸಂಜೆ ಬಂದ ಮೇಲೇ ಸಿಗೋದು, ಅಂಥ ಮಕ್ಕಳಿಗೆ ನೀವೇನು ಮಾಡ್ತಿದ್ದೀರ ಅಂತ. ಮಾತಾಡ್ತಿದ್ದೋರು ಅದನ್ನ ಓದ್ಲೇ ಇಲ್ಲ, ಪ್ರಶ್ನೆ ತುಂಬಾ ಇದ್ವು. ಆದ್ರೆ ಒಂದು ಕಮ್ಯುನಿಟಿ ಕಾಲೇಜಿನ ಲೈಬ್ರರಿಯನ್ ಚಾಟಲ್ಲೇ ಉತ್ತರ ಕೊಟ್ರು. ಕಮ್ಯುನಿಟಿ ಕಾಲೇಜು ಅಂದ್ರೆ ಅಲ್ಲಿ ಎರಡು ವರ್ಷದ ಕೋರ್ಸಿನ ಕಾಲೇಜು, ಕೆಲಸ ಮಾಡ್ಕೊಂಡು ಓದೋರು, ಬಡವರ ಮನೆ ಮಕ್ಕಳು ಜಾಸ್ತಿ ಬರ್ತಾರೆ, ನಮ್ಮ ಸರ್ಕಾರಿ ಕಾಲೇಜಿಗೆ ತುಂಬಾ ಹತ್ರ. ಅವರು ಬರೆದಿದ್ದು ಇಷ್ಟು: ನಾವು ಲೈಬ್ರರೀಲಿ ಪುಸ್ತಕ ಕೊಟ್ಟಂಗೇ ಲ್ಯಾಪ್‌ಟಾಪೂ ಮನೇಲಿ ನೆಟ್ ಸಿಗೋಕೆ ಹಾಟ್‌ಸ್ಪಾಟ್ ಡಬ್ಬಿನೂ ಎರವಲು ಕೊಡ್ತೀವಿ, ರಿಜಿಸ್ಟರಲ್ಲಿ ಬರ್ಕೋತೀವಿ, ಹೊಸದು ಕೊಳ್ಳೋಕೆ ಕಾಯ್ಬೇಡಿ, ಇರೋ ಹಳೇದ್ರಿಂದ ಶುರುಮಾಡಿ.

ಇರೋ ಹಳೇದ್ರಿಂದ ಶುರುಮಾಡಿ ಅನ್ನೋ ಮಾತು ನನ್ನನ್ನ ನಿದ್ದೆ ಮಾಡೋಕೆ ಬಿಡ್ಲಿಲ್ಲ. ಕಾಲೇಜು ನವೆಂಬರ್ 17ಕ್ಕೆ ತೆರೀತು. ನಮ್ಮ ಲ್ಯಾಬಿನ ಬೀರುವಲ್ಲಿ ಏಳು ಹಳೇ ಲ್ಯಾಪ್‌ಟಾಪ್ ಬಿದ್ದಿದ್ವು, ಬ್ಯಾಟರಿ ಸತ್ತಿದ್ವು, ವಿಂಡೋಸ್ ಹಾಕಿದ್ರೆ ಏಳೋಕೇ ಹತ್ತು ನಿಮಿಷ. ನಾನೂ ನಮ್ಮ ಲೈಬ್ರರಿ ಮೇಡಮ್ಮೂ ಎರಡು ಶನಿವಾರ ಕೂತು ಒಂದರದ್ದು ಬಿಚ್ಚಿ ಇನ್ನೊಂದಕ್ಕೆ ಹಾಕಿ, ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿ, ಐದು ಎಬ್ಬಿಸಿದ್ವಿ. ಪ್ರಿನ್ಸಿಪಾಲರು ಮೊದಲು ಒಪ್ಪಲಿಲ್ಲ, ಅವರ ಭಯಾನೂ ಸರಿನೇ, ಸ್ಟಾಕ್ ರಿಜಿಸ್ಟರಲ್ಲಿರೋ ವಸ್ತು ಕಳೆದ್ರೆ ಆಡಿಟ್ಟಲ್ಲಿ ಉತ್ತರ ಹೇಳೋರು ಅವರು. ಕೊನೆಗೆ ಅಪ್ಪನೋ ಅಮ್ಮನೋ ಬಂದು ಸಹಿ ಹಾಕ್ಬೇಕು, ಏಳು ದಿನಕ್ಕೆ ವಾಪಸ್ ತರ್ಬೇಕು ಅಂತ ಮಾಡಿ ಒಪ್ಪಿಸಿದ್ವಿ. ಒಂದು ಉದ್ದನೇ ರೂಲ್ ಪುಸ್ತಕದಲ್ಲಿ ಲೈಬ್ರರಿ ಮೇಡಂ ಕೆಂಪು ಪೆನ್ನಲ್ಲಿ ಕಾಲಂ ಹಾಕಿದ್ರು: ಹೆಸರು, ತರಗತಿ, ಚಾರ್ಜರ್ ಕೊಟ್ಟಿದೆ, ಚಾರ್ಜರ್ ಬಂತು. ಚಾರ್ಜರಿಗೇ ಎರಡು ಕಾಲಂ, ಅದು ಅವರ ಬುದ್ಧಿವಂತಿಕೆ. ಮೊದಲನೇ ಸಲ ತಗೊಂಡು ಹೋಗಿದ್ದು ಬಿಕಾಂ ಹುಡುಗಿ, ಅವರಪ್ಪ ಹಾಲಿನ ಡೈರಿಗೆ ಹಾಲು ಹಾಕಿ ಹಂಗೇ ಬಂದಿದ್ರು, ಕ್ಯಾನ್ ಬಾಗಿಲ ಹೊರಗಿಟ್ಟು ಸಹಿ ಹಾಕಿದ್ರು. 2021ರಲ್ಲಿ ಸರ್ಕಾರ ಮಕ್ಕಳಿಗೆ ಟ್ಯಾಬ್ ಕೊಟ್ಟ ಮೇಲೆ ಕೇಳೋರು ಕಡಿಮೆ ಆದ್ರು, ಆದ್ರೆ ಪ್ರಾಜೆಕ್ಟ್ ಟೈಪ್ ಮಾಡೋಕೆ ಟ್ಯಾಬ್ ಆಗಲ್ಲ, ಈಗ್ಲೂ ಸೆಮಿಸ್ಟರ್ ಕೊನೇಲಿ ಐದೂ ಹೊರಗೇ ಇರ್ತವೆ.

ನೋಡಿ, ಆ ಉಪಾಯ ನನಗೆ ಸಿಕ್ಕಿದ್ದು ವೇದಿಕೆ ಮೇಲಿನ ಭಾಷಣದಿಂದಲ್ಲ, ಚಾಟಿಂದ. ಚಾಟಿಗೆ ಹೋಗಿದ್ದು ನನ್ನ ಹತ್ರ ಪ್ರಶ್ನೆ ಇದ್ದಿದ್ದರಿಂದ. ಅದಕ್ಕೇ ನಾನು ಎಲ್ರಿಗೂ ಹೇಳೋದು, ಸಮ್ಮೇಳನದ ಪಟ್ಟಿ ನೋಡೋಕೆ ಮುಂಚೆ ನಿಮ್ಮ ಕಾಲೇಜಿನ ಒಂದು ಪ್ರಶ್ನೆ ಬರ್ಕೊಳ್ಳಿ. ಒಂದೇ ಸಾಕು. ಪಟ್ಟೀಲಿ ನೂರಾರು ಸೆಷನ್ ಇರ್ತವೆ, ಜಾತ್ರೇಲಿ ಮಗು ಬಿಟ್ಟಂಗೆ ಆಗುತ್ತೆ, ಎಲ್ಲಾ ಚೆನ್ನಾಗೇ ಕಾಣುತ್ತೆ. ಪ್ರಶ್ನೆ ಕೈಲಿದ್ರೆ ನೀವು ನೇರ ನಿಮ್ಮ ಅಂಗಡಿ ಮುಂದೆ ನಿಲ್ತೀರ.

ಅದೇ ಸಮ್ಮೇಳನದ ಇನ್ನೊಂದು ವಿಷಯ ಹೇಳ್ಬೇಕು. ಎಜುಕಾಸ್‌ನೋರು ಪ್ರತಿ ವರ್ಷ ಕಾಲೇಜುಗಳ ಮುಂದಿರೋ ಹತ್ತು ದೊಡ್ಡ ತಂತ್ರಜ್ಞಾನದ ವಿಷಯ ಅಂತ ಒಂದು ಪಟ್ಟಿ ಮಾಡ್ತಾರೆ. 2021ಕ್ಕೆ ಅಂತ ಮಾಡಿದ್ದು ಬೇರೆ ಥರ ಇತ್ತು, ಒಂದು ಪಟ್ಟಿ ಬದಲು ಮೂರು. ಕೊರೊನಾ ಮುಗಿದ ಮೇಲೆ ನಿಮ್ಮ ಕಾಲೇಜು ಹಳೇ ಸ್ಥಿತಿಗೇ ವಾಪಸ್ ಹೋಗೋಕೆ ನೋಡುತ್ತಾ, ಹೊಸ ಸ್ಥಿತಿಗೆ ಹೊಂದ್ಕೊಂಡು ಬೆಳೆಯುತ್ತಾ, ಇಲ್ಲಾ ತನ್ನನ್ನೇ ಪೂರ್ತಿ ಬದಲಾಯಿಸ್ಕೊಳ್ಳುತ್ತಾ, ಮೂರಕ್ಕೂ ಬೇರೆ ಬೇರೆ ಪಟ್ಟಿ. ಹಳೇದಕ್ಕೆ ವಾಪಸ್ ಹೋಗೋರ ಪಟ್ಟೀಲಿ ಮೊದಲನೇದು ಖರ್ಚು ಹಿಡಿಯೋದು. ಪೂರ್ತಿ ಬದಲಾಗೋರ ಪಟ್ಟೀಲಿ ಮೊದಲನೇದು ಸಂಸ್ಥೆಯ ಸಂಸ್ಕೃತಿ, ಅಂದ್ರೆ ನಾವು ಒಬ್ಬರಿಗೊಬ್ಬರು ಹೆಂಗೆ ಕೆಲಸ ಮಾಡ್ತೀವಿ, ಹೆಂಗೆ ತೀರ್ಮಾನ ತಗೋತೀವಿ ಅನ್ನೋದು. ಕಂಪ್ಯೂಟರ್ ಜನ ಮಾಡಿದ ಪಟ್ಟೀಲಿ ಮೊದಲನೇ ಜಾಗದಲ್ಲಿ ಯಾವ ಮಷಿನ್ನೂ ಇರಲಿಲ್ಲ ಅನ್ನೋದು ನನಗೆ ಬಹಳ ಹಿಡಿಸ್ತು. ನಮ್ಮತ್ತೆಗೆ ಇದನ್ನ ಹೇಳಿದಾಗ ಅವರಂದ್ರು, ಮನೆ ಒಡೆದು ಹೊಸದಾಗಿ ಕಟ್ಟೋರು ಯಾರು ಎಲ್ಲಿ ಮಲಗ್ಬೇಕು ಅಂತ ಮೊದಲು ಮಾತಾಡ್ಕೋಬೇಕು, ಗಾರೆಯೋನು ಆಮೇಲೆ ಬರೋದು ಅಂತ. ಇದಕ್ಕಿಂತ ಚೆನ್ನಾಗಿ ನಾನು ಹೇಳೋಕಾಗಲ್ಲ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು, ಸೆಕ್ಯುರಿಟಿ ಬಗ್ಗೆ. ಇಂಥ ಸಮ್ಮೇಳನಗಳಲ್ಲಿ ಸೆಕ್ಯುರಿಟಿ ಸೆಷನ್ ಇದ್ದೇ ಇರುತ್ತೆ, ನಮ್ಮೋರು ಅದು ನಮಗಲ್ಲ ಅಂತ ಬಿಟ್ಬಿಡ್ತಾರೆ. 2018ರ ಮಾರ್ಚಲ್ಲಿ ಅಮೆರಿಕದ ನ್ಯಾಯ ಇಲಾಖೆ ಇರಾನಿನ ಒಂಬತ್ತು ಜನರ ಮೇಲೆ ಕೇಸ್ ಹಾಕ್ತು. ಆರೋಪ ಏನಂದ್ರೆ, ಅಮೆರಿಕದ 144 ಯೂನಿವರ್ಸಿಟಿ, ಬೇರೆ 21 ದೇಶಗಳ 176 ಯೂನಿವರ್ಸಿಟಿಗಳ ಪ್ರೊಫೆಸರುಗಳ ಪಾಸ್‌ವರ್ಡ್ ಕದಿಯೋಕೆ ಹೋಗಿದ್ರು, ಸುಮಾರು ಒಂದು ಲಕ್ಷ ಪ್ರೊಫೆಸರುಗಳಿಗೆ ಬಲೆ ಬೀಸಿದ್ರು, ಸುಮಾರು 8,000 ಜನ ಬಿದ್ರು. ಬಲೆ ಎಂಥದ್ದು ಗೊತ್ತಾ? ಇನ್ನೊಂದು ಯೂನಿವರ್ಸಿಟಿಯ ಪ್ರೊಫೆಸರ್ ಹೆಸರಲ್ಲಿ ಮೇಲ್ ಬರುತ್ತೆ, ನಿಮ್ಮ ಲೇಖನ ಓದಿದೆ, ಇಷ್ಟ ಆಯ್ತು, ಇನ್ನೂ ಕೆಲವು ಲೇಖನ ಬೇಕಿತ್ತು ಅಂತ, ಕೆಳಗೆ ಲಿಂಕು. ಒತ್ತಿದ್ರೆ ನಿಮ್ಮ ಕಾಲೇಜಿನ ಲಾಗಿನ್ ಪೇಜ್ ಥರಾನೇ ಕಾಣೋ ಸುಳ್ಳು ಪೇಜು. ನಿಮ್ಮ ಲೇಖನ ಓದಿದೆ ಅಂದ್ರೆ ಯಾವ ಮೇಷ್ಟ್ರಿಗೆ ಖುಷಿ ಆಗಲ್ಲ ಹೇಳಿ. ಆನ್‌ಲೈನ್ ಸಮ್ಮೇಳನಕ್ಕೆ ಹೆಸರು ಕೊಟ್ಟ ಮೇಲೆ ನಿಮಗೆ ಹತ್ತಾರು ಕಡೆಯಿಂದ ಮೇಲ್ ಬರೋಕೆ ಶುರುವಾಗುತ್ತೆ, ಅದರಲ್ಲಿ ಇಂಥದ್ದೂ ಸೇರ್ಕೊಂಡಿರಬಹುದು. ಹೆಸರು ನೋಂದಾಯಿಸೋಕೆ ಒಂದು ಬೇರೆ ಮೇಲ್ ಐಡಿ ಇಟ್ಕೊಳ್ಳಿ, ಕಾಲೇಜಿನ ಪಾಸ್‌ವರ್ಡನ್ನ ಅಲ್ಲಿ ಹಾಕ್ಲೇಬೇಡಿ. ವರ್ಚುವಲ್ ಎಕ್ಸಿಬಿಷನ್ ಹಾಲ್ ಅಂತ ಇರುತ್ತೆ, ಕಂಪನಿಯೋರ ಮಳಿಗೆ, ಸುಮ್ನೆ ಏನಿದೆ ನೋಡೋಣ ಅಂತ ಒಳಗೆ ಹೋದ್ರೂ ನಿಮ್ಮ ಹೆಸರು ಅವರಿಗೆ ಹೋಗಬಹುದು. ನನಗೆ ಒಂದು ಕಂಪನಿಯೋರು ಮೂರು ತಿಂಗಳು ಬಿಡದೆ ಫೋನ್ ಮಾಡಿದ್ರು, ಅದೂ ಅವರ ಹಗಲು ಹೊತ್ತಲ್ಲಿ, ನಮ್ಮ ನಡುರಾತ್ರೀಲಿ.

ಆನ್‌ಲೈನಲ್ಲಿ ಕಳ್ಕೊಳ್ಳೋದು ಏನೂ ಇಲ್ವಾ ಅಂದ್ರೆ, ಇದೆ. ಟೀ ಕುಡಿಯೋವಾಗ ಪಕ್ಕದಲ್ಲಿ ನಿಂತೋರ ಜೊತೆ ಮಾತು ಹುಟ್ಟುತ್ತಲ್ಲ, ಅದು ಇಲ್ಲ. ಸೆಷನ್ ಮುಗಿದ ತಕ್ಷಣ ಸ್ಕ್ರೀನ್ ಕಪ್ಪು, ರೂಮಲ್ಲಿ ನೀವೊಬ್ಬರೇ, ಕೆಳಗೆ ನಾಯಿ ಬೊಗಳ್ತಿರುತ್ತೆ. ನಾನು ಇದಕ್ಕೆ ಮಾಡ್ಕೊಂಡಿರೋ ದಾರಿ ಏನಂದ್ರೆ, ಪ್ರತಿ ಸಮ್ಮೇಳನದಲ್ಲಿ ಒಬ್ಬರೇ ಒಬ್ಬರಿಗೆ, ಎರಡು ದಿನದೊಳಗೆ, ಒಂದು ಮೇಲ್ ಬರೆಯೋದು. ನಿಮ್ಮ ಮಾತಲ್ಲಿ ಇದು ನನಗೆ ಉಪಯೋಗ ಆಯ್ತು, ನಮ್ಮಲ್ಲಿ ಹಿಂಗಿದೆ ಅಂತ ನಾಲ್ಕು ಸಾಲು. ಆ ಲೈಬ್ರರಿಯನ್ನಿಗೆ ಲ್ಯಾಪ್‌ಟಾಪ್ ರಿಜಿಸ್ಟರಿನ ಫೋಟೋ ಕಳಿಸಿದ್ದೆ. ಚಾರ್ಜರಿನ ಎರಡು ಕಾಲಂ ನೋಡಿ ಅವರು ತಮ್ಮಲ್ಲೂ ಸೇರಿಸಿದ್ರಂತೆ. ಈಗ್ಲೂ ವರ್ಷಕ್ಕೆ ಎರಡು ಸಲ ಮೇಲ್ ಬರುತ್ತೆ.

ರೆಕಾರ್ಡಿಂಗ್ ಇರುತ್ತಲ್ಲ, ಆಮೇಲೆ ನೋಡೋಣ ಅನ್ನೋರಿಗೆ ಒಂದು ಮಾತು. ಆಮೇಲೆ ಅನ್ನೋದು ಬರಲ್ಲ. ಪರೀಕ್ಷೆ ಕೆಲಸ, ವ್ಯಾಲ್ಯುಯೇಷನ್ನು, ಅಡ್ಮಿಷನ್ನು, ಒಂದಾದ್ಮೇಲೆ ಒಂದು. ರೆಕಾರ್ಡಿಂಗ್ ಒಳ್ಳೇದೇ, ಕರೆಂಟ್ ಹೋದಾಗ ಬಿಟ್ಟಿದ್ದನ್ನ ನೋಡೋಕೆ, ಅರ್ಥ ಆಗದ್ದನ್ನ ನಿಲ್ಲಿಸಿ ಕೇಳೋಕೆ. ಆದ್ರೆ ಸೆಷನ್ ನಡೆಯೋವಾಗ ನೀವು ಅಲ್ಲಿ ಇಲ್ದಿದ್ರೆ ಚಾಟ್ ಇಲ್ಲ, ನಿಮ್ಮ ಪ್ರಶ್ನೆ ಇಲ್ಲ, ಉತ್ತರ ಕೊಡೋ ಲೈಬ್ರರಿಯನ್ನೂ ಇಲ್ಲ.

ಮುಂದೆ ಇನ್ನೊಂದು ಬದಲಾವಣೆ ಬಂತು. ಕೊರೊನಾ ಇಳಿದ ಮೇಲೆ ಎಲ್ಲರೂ ಹೈಬ್ರಿಡ್ ಅಂತ ನೇರ, ಆನ್‌ಲೈನ್ ಎರಡೂ ಒಟ್ಟಿಗೆ ಮಾಡೋಕೆ ಹೊರಟ್ರು, ಹಾಲಲ್ಲಿ ಜನ, ಹಿಂದೆ ಒಂದು ಕ್ಯಾಮೆರಾ, ಆನ್‌ಲೈನ್‌ನೋರು ಅದರ ಮೂಲಕ ನೋಡಿ ಅಂತ. ನಮ್ಮ ಕಡೆ ನಡೆದ ಒಂದು ಸಮ್ಮೇಳನದಲ್ಲಿ ನಾನು ಹಂಗೆ ಕೂತು ಇಡೀ ದಿನ ಮುಂದಿನ ಸಾಲಿನೋರ ತಲೆ ನೋಡಿದ್ದೀನಿ, ಮೈಕಿಲ್ಲದೆ ಕೇಳಿದ ಪ್ರಶ್ನೆ ಒಂದೂ ಕೇಳಿಸ್ಲಿಲ್ಲ. ದುಡ್ಡು ಕಟ್ಟಿ ಕಿಟಕೀಲಿ ಇಣುಕಿದಂಗಾಯ್ತು. ಎಜುಕಾಸ್‌ನೋರು 2022ರಲ್ಲಿ ಡೆನ್ವರ್‌ನಲ್ಲಿ ನೇರ ಸಮ್ಮೇಳನ ಮುಗಿಸಿ, ಮುಂದಿನ ವಾರ ನವೆಂಬರ್ 2 ಮತ್ತು 3ಕ್ಕೆ ಆನ್‌ಲೈನ್‌ನೋರಿಗೇ ಅಂತ ಬೇರೆ ಎರಡು ದಿನ ಇಟ್ರು. ಇದು ನನಗೆ ಸರಿ ಅನ್ನಿಸುತ್ತೆ. ಮಾತಾಡೋರು ಕ್ಯಾಮೆರಾ ನೋಡಿ ನಿಮಗೇ ಅಂತ ಮಾತಾಡ್ತಾರೆ. ಇಲ್ಲಿ ಸೆಮಿನಾರ್ ಮಾಡೋ ಪ್ರಿನ್ಸಿಪಾಲರುಗಳು, ಕಾಲೇಜಿನ ಗುಣಮಟ್ಟ ನೋಡ್ಕೊಳ್ಳೋ ಐಕ್ಯೂಎಸಿ ಕೋಆರ್ಡಿನೇಟರುಗಳು ಕೂತಿದ್ದೀರ, ದಯವಿಟ್ಟು ಯೋಚನೆ ಮಾಡಿ, ಹೈಬ್ರಿಡ್ ಅಂತ ಹಾಕೋಕೆ ಮುಂಚೆ ಆನ್‌ಲೈನಲ್ಲಿ ಬರೋರ ಚಾಟ್ ನೋಡೋಕೆ ಒಬ್ಬರನ್ನ ಬೇರೆ ಕೂರಿಸೋಕೆ ಆಗುತ್ತಾ ಅಂತ. ಆಗಲ್ಲ ಅಂದ್ರೆ ಹೈಬ್ರಿಡ್ ಬೇಡ.

2022ರಿಂದ ನಾವು ಒಬ್ಬೊಬ್ಬರೇ ಕೂರೋದನ್ನ ಬಿಟ್ವಿ. ನಾನು, ಲೈಬ್ರರಿ ಮೇಡಂ, ಕಾಮರ್ಸ್ ಮೇಷ್ಟ್ರು, ಆಫೀಸಿನ ಎಫ್‌ಡಿಎ, ಅಂದ್ರೆ ಪ್ರಥಮ ದರ್ಜೆ ಸಹಾಯಕರು, ಒಬ್ಬರು, ನಾಲ್ಕು ಜನ. ಪ್ರತಿಯೊಬ್ಬರಿಗೂ ಫೀಸ್ ಕಟ್ಟೋದು ಕಷ್ಟ, ಅದಕ್ಕೆ ವರ್ಷಕ್ಕೆ ಒಬ್ಬರು ಸೇರ್ತೀವಿ, ಅವರು ಬೆಳಿಗ್ಗೆ ಬಂದು ಸ್ಟಾಫ್ ರೂಮಲ್ಲಿ ತಮ್ಮ ಐದೈದು ಸಾಲು ಓದ್ತಾರೆ, ಉಳಿದೋರು ಪ್ರಶ್ನೆ ಕೊಟ್ಟು ಕಳಿಸಿರ್ತೀವಿ. ಎಲ್ಲರಿಗೂ ಫ್ರೀಯಾಗಿ ಸಿಗೋ ಎಜುಕಾಸ್‌ನೋರ ಆ ಹತ್ತು ವಿಷಯದ ಪಟ್ಟಿ, ಹೊರೈಜನ್ ರಿಪೋರ್ಟ್ ಅಂತ ಅವರದ್ದೇ ಇನ್ನೊಂದು ವರದಿ, ಇವನ್ನ ಸೇರಿ ಓದ್ತೀವಿ. ಎಫ್‌ಡಿಎ ಅವರು ಬಂದಿದ್ದು ದೊಡ್ಡ ಲಾಭ. ಅಡ್ಮಿಷನ್ ಟೈಮಲ್ಲಿ ಮಕ್ಕಳು ಯಾವ ಪರದೇಲಿ ಎಲ್ಲಿ ಸಿಕ್ಕಾಕ್ಕೋತಾರೆ ಅಂತ ಕೌಂಟರಲ್ಲಿ ಕೂತ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಇಂಥ ಸಮ್ಮೇಳನ ಟೀಚರುಗಳಿಗೆ ಮಾತ್ರ ಅಂದ್ಕೊಂಡಿದ್ದೀವಲ್ಲ, ಅಲ್ಲಿ ಮಾತಾಡೋರಲ್ಲಿ ಎಷ್ಟೋ ಜನ ಪಾಠ ಮಾಡೋರೇ ಅಲ್ಲ, ಹೆಲ್ಪ್ ಡೆಸ್ಕಿನೋರು, ರಿಜಿಸ್ಟ್ರಾರ್ ಆಫೀಸಿನೋರು.

ಈಗ ಓಓಡಿ, ಅಂದ್ರೆ ಕೆಲಸದ ಮೇಲೇ ಹೊರಗೆ ಹೋಗಿದ್ದಾರೆ ಅಂತ ಹಾಜರಿ ಕೊಡೋ ವಿಷಯಕ್ಕೆ ಬರ್ತೀನಿ, ಇದನ್ನ ಹೇಳೋಕೇ ನಾನು ಮುಖ್ಯವಾಗಿ ಬಂದಿದ್ದು. ಮೈಸೂರಿಗೆ ಒಂದು ದಿನದ ಸೆಮಿನಾರಿಗೆ ಹೋಗ್ತೀನಿ ಅಂದ್ರೆ ನಮಗೆ ಓಓಡಿ ಸಿಗುತ್ತೆ. ಅಲ್ಲಿ ಮಧ್ಯಾಹ್ನ ಊಟ ಮಾಡಿ ನಿದ್ದೆ ತೂಗಿದ್ರೂ ಅಟೆಂಡೆನ್ಸ್ ಸರ್ಟಿಫಿಕೇಟ್ ಇದ್ರೆ ಸಾಕು. ಅದೇ ರಾತ್ರಿ 9:30ರಿಂದ ಎರಡು ಗಂಟೆವರೆಗೆ ಕೂತು ಕೇಳಿದ್ರೆ ಬೆಳಿಗ್ಗೆ 10ಕ್ಕೆ ಬಯೋಮೆಟ್ರಿಕ್ ಒತ್ತಲೇಬೇಕು, ಮನೇಲೇ ಕೂತಿದ್ರಲ್ಲ ಅಂತಾರೆ. ಎರಡು ರಾತ್ರಿ ಹಂಗೆ ಮಾಡಿ ಮೂರನೇ ದಿನ ಲ್ಯಾಬಲ್ಲಿ ನಿಂತಾಗ ಕಣ್ಣು ಉರೀತಿರುತ್ತೆ. ಹೆಣ್ಣುಮಕ್ಕಳಿಗೆ ಇದು ಇನ್ನೂ ಭಾರ, ಬೆಳಿಗ್ಗೆ ಐದೂವರೆಗೆ ಡಬ್ಬಿ ಕಟ್ಟೋಕೆ ಏಳ್ಬೇಕು. ಎರಡು ವರ್ಷ ಕೇಳಿ ಕೇಳಿ, ಮೂರನೇ ವರ್ಷ ನಮ್ಮ ಪ್ರಿನ್ಸಿಪಾಲರು ಮಾರನೇ ದಿನದ ಬೆಳಗಿನ ಹೊತ್ತಿನ ಎರಡು ಕ್ಲಾಸ್ ಬೇರೆಯೋರಿಗೆ ಹೊಂದಿಸಿ ಕೊಟ್ರು. ಅಷ್ಟೇ, ಎರಡು ಕ್ಲಾಸು. ಅದರಿಂದ ಎಷ್ಟು ವ್ಯತ್ಯಾಸ ಆಯ್ತು ಅಂದ್ರೆ ಆ ವರ್ಷ ಕಾಮರ್ಸ್ ಮೇಷ್ಟ್ರು ತಾವೇ ಮುಂದೆ ಬಂದು ನಾನು ಕೂರ್ತೀನಿ ಅಂದ್ರು, ಅದಕ್ಕೆ ಮುಂಚೆ ಯಾರೂ ಮುಂದೆ ಬಂದಿರಲಿಲ್ಲ. ಟಿಎ ಡಿಎ ಏನೂ ಕೇಳ್ತಿಲ್ಲ ನಾವು, ಬಸ್ ಚಾರ್ಜೂ ಇಲ್ಲ ಇದರಲ್ಲಿ. ಫೀಸಿನಲ್ಲಿ ಅರ್ಧ ಕಾಲೇಜು ಅಭಿವೃದ್ಧಿ ಸಮಿತಿಯಿಂದ ಬಂದ್ರೆ ಒಳ್ಳೇದು, ಬರದಿದ್ರೂ ಆ ಎರಡು ಕ್ಲಾಸಿನ ಹೊತ್ತು ಬಿಟ್ಟುಕೊಡಿ.

ನಿಮ್ಮ ಫೈಲಲ್ಲಿ ಒಂದು ಹಳದಿ ಚೀಟಿ ಇಟ್ಟಿದ್ದೀವಿ ನೋಡಿ. ಅದರಲ್ಲಿ ನಿಮ್ಮ ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ, ನಿಮ್ಮ ಕಾಲೇಜಲ್ಲಿ ಕಂಪ್ಯೂಟರು, ನೆಟ್ಟು, ಆನ್‌ಲೈನ್ ಕೆಲಸದಿಂದ ಮಕ್ಕಳು ಎಲ್ಲಿ ಒದ್ದಾಡ್ತಿದ್ದಾರೆ ಅಂತ ಒಂದು ಪ್ರಶ್ನೆ ಬರೀರಿ, ಕನ್ನಡದಲ್ಲೇ ಬರೀರಿ, ಇಂಗ್ಲಿಷಿಗೆ ನಾನೂ ಲೈಬ್ರರಿ ಮೇಡಮ್ಮೂ ಹಾಕ್ಕೋತೀವಿ. ಈ ಸಲದ ಸಮ್ಮೇಳನಕ್ಕೆ ಕೂರೋದು ನಮ್ಮ ಎಫ್‌ಡಿಎ ಅವರು, ಆ ಪ್ರಶ್ನೆಗಳನ್ನ ಅವರ ಕೈಲಿ ಕೊಟ್ಟು ಕಳಿಸ್ತೀವಿ, ಏನು ಉತ್ತರ ಬಂತು ಅಂತ ನಿಮ್ಮೆಲ್ಲರ ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ. ಊಟಕ್ಕೆ ಹೋಗೋವಾಗ ಬಾಗಿಲ ಪಕ್ಕ ಬಿಸ್ಕೆಟ್ ಡಬ್ಬ ಇಟ್ಟಿದೆ, ಅದಕ್ಕೆ ಹಾಕಿ ಹೋಗಿ.